ಎಬೊ ತಂದ ಮೊಟ್ಟೆಗಳು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಎಬೊ ಮತ್ತು ಅಜೋವಾರ ಜಗಳ ಫೆಬ್ರುವರಿಯಲ್ಲಿ ಶುರುವಾಗಿ ಮೇ ತಿಂಗಳವರೆಗೆ ನಡೆಯಿತು. ಇಬ್ಬರೂ ಹೊತ್ತು ಹೊತ್ತಿಗೆ ಉಂಡರು, ಮಲಗಿದರು, ಬೇರೆ ಬೇರೆ ಮನೆಯಲ್ಲಿ.

ನಾನು ಅಮೆರಿಕದ ಕೊಲಂಬಸ್ ಊರಿನ ಉತ್ತರ ಭಾಗದಲ್ಲಿ ಹದಿನೆಂಟು ವರ್ಷದಿಂದ ಅಂಗಡಿ ಇಟ್ಟುಕೊಂಡವಳು. ತಾಳೆ ಎಣ್ಣೆ, ಒಣಮೀನು, ಗೆಣಸು ಕೊಳ್ಳಲು ಬರುವ ಘಾನಾದವರೆಲ್ಲ ತಮ್ಮ ಮನೆಯ ಜಗಳಗಳನ್ನೂ ಜೊತೆಗೇ ತರುತ್ತಾರೆ. ಎಲ್ಲರಿಗೂ ನಾನು ಆಂಟಿ ಅರಬಾ. ನ್ಯಾಯ ಹೇಳುವುದು ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ.

ಎಬೊ ಸಿಟಿ ಬಸ್ಸಿನ ಡ್ರೈವರು, ಇಲ್ಲಿಯ ಪ್ರಜೆಯಾಗಿ ಬಹಳ ಕಾಲವಾಯಿತು. ಘಾನಾದ ನಮ್ಮ ಊರು ಸಾಲ್ಟ್‌ಪಾಂಡ್‌ಗೆ ಹೋಗಿ ಅಜೋವಾಳನ್ನು ಮದುವೆಯಾಗಿ ಕರೆತಂದ. ಅವಳು ವೃದ್ಧಾಶ್ರಮದಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾಳೆ. ಮೊದಲು ಅವಳಿಗೆ ಸಿಕ್ಕಿದ್ದು ಎರಡು ವರ್ಷದ ಗ್ರೀನ್ ಕಾರ್ಡು. ಅದನ್ನು ಕಾಯಂ ಮಾಡಿ ಎಂದು ಗಂಡ ಹೆಂಡತಿ ಸೇರಿ ಹಾಕಿದ ಅರ್ಜಿ ವರ್ಷ ದಾಟಿದರೂ ಇತ್ಯರ್ಥವಾಗಿರಲಿಲ್ಲ. ಅದು ಬಾಕಿ ಇರುವಾಗಲೇ ಬಂದು ಮೂರು ವರ್ಷವಾಗುತ್ತ ಬಂತು, ಪೌರತ್ವಕ್ಕೂ ಅರ್ಜಿ ಹಾಕಿದಳು. ಪ್ರಜೆಯಾದ ಗಂಡನ ಜೊತೆ ಒಂದೇ ಸೂರಿನಡಿ ಬಾಳುವವರಿಗೆ ಮೂರು ವರ್ಷ ಸಾಕು, ಉಳಿದವರು ಐದು ವರ್ಷ ಕಾಯಬೇಕು. ಪೌರತ್ವ ಸಿಕ್ಕರೆ ತಾಯಿಯನ್ನು ಕರೆಸಿಕೊಳ್ಳಬಹುದು. ಜೋಳದ ಹಿಟ್ಟಿನ ಕಡುಬು ಕೆಂಕೆ ಬೇಯಿಸಿ ಮಾರುವ ಆ ತಾಯಿ ಆಗಲೇ ಪೆಟ್ಟಿಗೆ ಕಟ್ಟಿ ಕೂತಿದ್ದಳು.

ಇಂಥ ಹೊತ್ತಿನಲ್ಲಿ ಎಬೊ ನಾಲಗೆ ಹರಿಬಿಟ್ಟ. ಗೆಳೆಯನ ಮಗುವಿನ ನಾಮಕರಣಕ್ಕೆ ಎಲ್ಲರೂ ಸೇರಿದ್ದೆವು. ಯಾರೋ, "ನಿಮ್ಮದು ಯಾವಾಗಪ್ಪಾ?" ಅಂದರು. ಎರಡು ಗ್ಲಾಸು ಇಳಿಸಿದ್ದ ಇವನು, "ಮೊದ್ಲು ಅವಳ ಕಾಗದ ಹುಟ್ಲಿ ಬಿಡ್ರೋ. ನನ್ನ ಕಟ್ಕೊಂಡಿದ್ದೇ ಅದಕ್ಕಲ್ವಾ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜೋವಾ ಮಾತ್ರ ಕೈಲಿದ್ದ ತಟ್ಟೆ ಕೆಳಗಿಟ್ಟು ಹೊರಟುಹೋದಳು. ಎಬೊ ಮನೆಗೆ ಹೋದಾಗ ಅವನ ಬಟ್ಟೆಯ ಚೀಲ ಬಾಗಿಲ ಹೊರಗಿತ್ತು. ಸಮಾಧಾನ ಹೇಳುವ ಬದಲು ಅವನೂ ಚೀಲ ಎತ್ತಿಕೊಂಡು ಅಕ್ಕನ ಮನೆ ಸೇರಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೇ ತಿಂಗಳ ಮೊದಲ ವಾರ ವಲಸೆ ಕಚೇರಿಯಿಂದ ಕಾಗದ ಬಂತು. ಎರಡೂ ಅರ್ಜಿಗೆ ಒಂದೇ ಇಂಟರ್‌ವ್ಯೂ, ಗಂಡ ಹೆಂಡತಿ ಇಬ್ಬರೂ ಬರಬೇಕು. ನಾನು ತಡಮಾಡದೆ ಎಬೊಗೆ ಫೋನು ಮಾಡಿ ಬೈದೆ. ಅವನು ಮರುದಿನವೇ ನಮ್ಮ ಪದ್ಧತಿಯಂತೆ ಪಿಂಗಾಣಿ ಬಟ್ಟಲಿನ ತುಂಬ ಮೊಟ್ಟೆ, ಒಂದು ಬಾಟಲಿ ಜಿನ್ ತಂದು ನನ್ನ ಅಂಗಡಿಯ ಹಿಂದಿನ ಮೇಜಿನ ಮೇಲಿಟ್ಟ. ತಪ್ಪು ಮಾಡಿದವನು ಹಿರಿಯರ ಮುಂದೆ ಹೀಗೆ ಇಡಬೇಕು. ಹೆಂಡತಿ ಬಟ್ಟಲು ಮುಟ್ಟಿದರೆ ಕೋಪ ಮುಗಿಯಿತು, ಆಮೇಲೆ ಸಾಯುವವರೆಗೂ ಆ ಮಾತನ್ನು ಯಾರೂ ಎತ್ತುವ ಹಾಗಿಲ್ಲ.

ಅಜೋವಾ ಬಂದಳು, ನೋಡಿದಳು, ಕೈಕಟ್ಟಿ ನಿಂತಳು.

"ಮುಟ್ಟೇ," ಅಂದೆ.

"ಇಂಟರ್‌ವ್ಯೂ ಆಗ್ಲಿ ಆಂಟಿ."

"ಅಷ್ಟರಲ್ಲಿ ಮೊಟ್ಟೆ ಕೊಳ್ತು ಹೋಗುತ್ತೆ ಕಣೇ!"

"ಕೊಳೀಲಿ. ಈಗ ಮುಟ್ಟಿದ್ರೆ ಕಾಗದಕ್ಕೋಸ್ಕರ ಮುಟ್ಟಿದ್ಳು ಅಂತಾರೆ. ನೀವೇ ಮೊದ್ಲು ಅಂತೀರ."

"ನಾನಂತೂ ಅನ್ನಲ್ಲ," ಅಂದ ಎಬೊ, ನೆಲ ನೋಡುತ್ತ.

"ಒಂದ್ಸಲ ಅಂದಿದೀಯಲ್ಲ. ಸಾಲ್ದಾ?"

"ನಿನ್ ಮೇಲಿನ ಪ್ರೀತಿಗೇ ತಂದಿದೀನಿ, ಅಜೋವಾ."

"ಇರಬಹುದು. ನನಗೂ ಮುಟ್ಬೇಕು ಅಂತ ಆಸೆ ಇದೆ. ಆದ್ರೆ ಈಗ ಮುಟ್ಟಿದ್ರೆ ಯಾಕೆ ಮುಟ್ದೆ ಅಂತ ನನಗೇ ಗೊತ್ತಾಗಲ್ಲ."

ಇಂಥ ಹಟಮಾರಿಯನ್ನು ನಾನು ಕಂಡಿಲ್ಲ. ಅವಳು ಹೋದ ಮೇಲೆ ಆ ಮೊಟ್ಟೆಗಳನ್ನೆಲ್ಲ ಬೇಯಿಸಿ, ಮೆಣಸಿನ ಚಟ್ನಿ ಹಚ್ಚಿ ಟ್ಯಾಕ್ಸಿಯವರಿಗೆ ಮಾರಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಇಂಟರ್‌ವ್ಯೂ ದಿನ ಬೆಳಿಗ್ಗೆ ಎಬೊನ ಕಾರಿನಲ್ಲಿ ನಾನೂ ಹೋದೆ. ಹಿಂದಿನ ಸೀಟಿನಲ್ಲಿ ಬಿಳಿ ಬಟ್ಟೆ ಮುಚ್ಚಿದ ಅದೇ ಬಟ್ಟಲು, ಹೊಸ ಮೊಟ್ಟೆಗಳು.

"ಒಂದೇ ಮನೇಲಿದೀವಿ ಅಂತ ಹೇಳ್ಬಿಡ್ತೀನಿ ಆಂಟಿ," ಅಂದ. "ನನ್ನಿಂದ ಕೆಟ್ಟಿದ್ದು, ನಾನೇ ಸರಿ ಮಾಡ್ತೀನಿ. ಅವರಮ್ಮ ಬರ್ಬೇಕಲ್ಲ."

ನಾನು ಬೇಡ ಅನ್ನಲಿಲ್ಲ. ಬದಲಿಗೆ, "ಗಟ್ಟಿಯಾಗಿ ಹೇಳು, ತೊದಲಬೇಡ," ಅಂದೆ. ಇದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಅಜೋವಾ ಕಚೇರಿಯ ಬಾಗಿಲಲ್ಲೇ ಕಾಯುತ್ತಿದ್ದಳು. ಇಸ್ತ್ರಿ ಮಾಡಿದ ನೀಲಿ ಅಂಗಿ, ಕಂಕುಳಲ್ಲಿ ಫೈಲು. ಇಬ್ಬರೂ ಒಳಗೆ ಹೋದರು. ನಾನು ಹೊರಗಿನ ಕುರ್ಚಿಯಲ್ಲಿ ಕೂತು ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಮುಕ್ಕಾಲು ಗಂಟೆಯ ಮೇಲೆ ಬಂದರು. ಎಬೊನ ಮುಖ ಬಾಡಿತ್ತು. ಅಜೋವಾ ನೆಟ್ಟಗೆ ನಡೆಯುತ್ತಿದ್ದಳು.

"ಏನಾಯ್ತ್ರೋ?"

"ಇಬ್ಬರೂ ಒಟ್ಟಿಗಿದೀರಾ ಅಂತ ಆ ಆಫೀಸರಮ್ಮ ಕೇಳಿದ್ರು," ಅಂದ ಎಬೊ. "ನಾನು ಬಾಯಿ ತೆಗ್ದೆ ಅಷ್ಟೆ. ಇವಳು ಟೇಬಲ್ ಕೆಳಗೆ ನನ್ನ ಕೈ ಹಿಡ್ಕೊಂಡು, 'ಇಲ್ಲ ಮೇಡಂ, ಫೆಬ್ರುವರಿಯಿಂದ ಇವರು ಅಕ್ಕನ ಮನೇಲಿದಾರೆ' ಅಂದುಬಿಟ್ಳು."

"ಆಮೇಲೆ?"

"ಹಾಗಿದ್ರೆ ಮೂರು ವರ್ಷದ ಲೆಕ್ಕ ನಿಮಗೆ ಸಲ್ಲೋದಿಲ್ಲ ಅಂದ್ರು," ಅಂದಳು ಅಜೋವಾ. "ಪೌರತ್ವದ ಅರ್ಜಿ ವಾಪಸ್ ತಗೊಂಡೆ. ಐದು ವರ್ಷ ತುಂಬಿದ ಮೇಲೆ ಮತ್ತೆ ಹಾಕ್ಬೇಕು. ಕಾರ್ಡಿನ ಅರ್ಜಿ ಹಾಗೇ ಇರುತ್ತೆ. ಮದುವೆ ನಿಜ ಅನ್ನೋದಕ್ಕೆ ಕೊಟ್ಟಿದ್ದೆಲ್ಲ ನೋಡಿ ಅಂಚೇಲಿ ತಿಳಿಸ್ತಾರಂತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಬೈದೇಬಿಟ್ಟೆ. "ಅಲ್ವೇ ದಡ್ಡಿ, ಒಂದು ಮಾತು! ಎರಡು ವರ್ಷ ಕಳ್ಕೊಂಡ್ಯಲ್ಲೇ! ನಿಮ್ಮಮ್ಮನಿಗೆ ಏನು ಹೇಳ್ತೀಯ?"

ಅವಳು ಸೀದಾ ಕಾರು ನಿಲ್ಲಿಸುವ ಜಾಗಕ್ಕೆ ನಡೆದಳು. ಎಬೊನ ಕಾರಿನ ಹತ್ತಿರ ನಿಂತು ತಿರುಗಿದಳು.

"ಮೊಟ್ಟೆ ಎಲ್ಲೋ?"

ಎಬೊಗೆ ಮೊದಲು ಅರ್ಥವಾಗಲಿಲ್ಲ.

"ತಂದಿಲ್ವಾ? ನಿನ್ನ ಕಟ್ಕೊಂಡಿದ್ದಕ್ಕೆ ಈಗ ಯಾವ ಕಾಗದಾನೂ ಸಿಗ್ಲಿಲ್ಲ. ಈಗ ಕೊಡು."

ಅವನು ಬಾಗಿಲು ತೆರೆಯಲು ಪರದಾಡಿದ. ಬಟ್ಟಲು ತಂದು ನನ್ನ ಮುಂದೆ ಹಿಡಿದ, ಹಿರಿಯಳು ನಾನೊಬ್ಬಳೇ ಅಲ್ಲವೇ. ಅಜೋವಾ ಬಿಳಿ ಬಟ್ಟೆ ಸರಿಸಿ ಎರಡೂ ಕೈಯಿಂದ ಬಟ್ಟಲು ಮುಟ್ಟಿ ಎದೆಗೆ ಅವಚಿಕೊಂಡಳು. ಆ ದಿನ ನಕ್ಕಿದ್ದಕ್ಕೆ ನಾನೂ ಅವಳಲ್ಲಿ ಕ್ಷಮೆ ಕೇಳಿದೆ. "ಇನ್ನು ಆ ಮಾತು ಎತ್ತೋ ಹಾಗಿಲ್ಲ ಆಂಟಿ," ಅಂದಳು, ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ.

ತಾಯಿಗೆ ಹೇಳುವುದು ಬಾಕಿ ಇತ್ತು. ಎಬೊನೇ ಫೋನು ಹಚ್ಚಿ ಅವಳ ಮುಖದ ಹತ್ತಿರ ಹಿಡಿದ. ಅಜೋವಾ ಕಚೇರಿಯಲ್ಲಿ ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಂಗಡಿಯಲ್ಲಿ ಮೊಟ್ಟೆ ಮುಟ್ಟದೆ ಬಂದದ್ದು ತಾಯಿಗೆ ಆಗಲೇ ಗೊತ್ತಿತ್ತು.

"ಮೊಟ್ಟೆ ಮುಟ್ಟಿದ್ಯಾ?" ಕೇಳಿದಳು ತಾಯಿ.

"ಈಗ ಮುಟ್ದೆ ಅಮ್ಮಾ."

"ಕಾಗದ ಹೋದ ಮೇಲೆ?"

"ಹೂಂ."

"ಹಾಗಾದ್ರೆ ಗಂಡನ್ನ ಮನೆಗೆ ಕರ್ಕೊಂಡ್ ಹೋಗು. ಎರಡು ವರ್ಷ ತಾನೆ? ನಾನೇನು ಮೊಟ್ಟೇನಾ, ಇಟ್ರೆ ಕೆಟ್ಟು ಹೋಗೋಕೆ?"