ಇಬ್ಬನಿ ಆರಿದ ಮೇಲೆ

ನಾನು ಒಂದು ಕುಸುಬೆ ಗಿಡ. ವಿಜಯಪುರದ ಕಡೆಯ ಎರೆಭೂಮಿಯಲ್ಲಿ, ಸಾವಂತ್ರೆವ್ವನ ಹೊಲದ ಅಂಚಿನಲ್ಲಿ ಹುಟ್ಟಿದೆ. ಒಳಗೆಲ್ಲ ಬಿಳಿಜೋಳ, ಸುತ್ತಲೂ ನಾವು. ದನ ನುಗ್ಗದಿರಲೆಂದು ಆ ಕಡೆಯವರು ಹೀಗೆ ಬಿತ್ತುತ್ತಾರೆ.

ಎಳೆಯದಾಗಿದ್ದಾಗ ನನ್ನ ಮೈ ಮೆತ್ತಗಿತ್ತು. ಸಾಲು ದಟ್ಟವಾದ ಕಡೆ ಸಾವಂತ್ರೆವ್ವ ಸಸಿಗಳನ್ನು ಕಿತ್ತು ಪಲ್ಯಕ್ಕೆ ಒಯ್ಯುತ್ತಿದ್ದಳು. ನನ್ನನ್ನೂ ಹಿಡಿದವಳು, ಏನನ್ನಿಸಿತೋ, ಹಾಗೇ ಬಿಟ್ಟಳು.

ಚಳಿ ಬೀಳುವ ಹೊತ್ತಿಗೆ ಎಲೆಯಂಚಿನಲ್ಲಿ ಮುಳ್ಳು ಮೂಡಿದವು. ಆಮೇಲೆ ಕೇಸರಿ ಹೂ ಅರಳಿತು. ನನಗೆ ಮಾತ್ರ ಹೂವಿಗಿಂತ ಮುಳ್ಳಿನ ಮೇಲೆಯೇ ಹೆಮ್ಮೆ. ಒಮ್ಮೆ ಒಂದು ಎಮ್ಮೆ ಜೋಳಕ್ಕೆ ಬಾಯಿ ಚಾಚಿತು. ನನ್ನ ಮುಳ್ಳು ತಾಗಿದ್ದೇ ಮೂತಿ ಕೊಡವಿಕೊಂಡು ಹಿಂದೆ ಸರಿಯಿತು. ಆ ದಿನವೆಲ್ಲ ಬೀಗಿದೆ. ಈಗ ನೆನೆದರೆ ತಲೆ ತಗ್ಗುತ್ತದೆ.

ಕುಸುಬೆ ಕೊಯ್ಯುವುದು ಬೆಳಗಿನ ಇಬ್ಬನಿಯಲ್ಲಿ. ಆಗ ಮುಳ್ಳು ನೆನೆದು ಮೆತ್ತಗಿರುತ್ತದೆ. ಸಾವಂತ್ರೆವ್ವ, ನೆರೆಮನೆಯ ಹುಸೇನಬಿ, ಕಸ್ತೂರೆವ್ವ ಮೂವರೂ ಕೈಗೆ ಹಳೆ ಸೀರೆಯ ಚಿಂದಿ ಸುತ್ತಿಕೊಂಡು ಕೊಯ್ದರು. ಕಸ್ತೂರೆವ್ವ ಬಂದದ್ದೇ ತಡವಾಗಿ. ಊರಿನ ಖಾನಾವಳಿಗೆ ದಿನಾ ಅರವತ್ತು ಜೋಳದ ರೊಟ್ಟಿ ಬಡಿದು ಕೊಟ್ಟು ಬರುವವಳು ಅವಳು. ಮನೆ ನಡೆಯುವುದು ಆ ಎರಡು ಅಂಗೈಗಳಿಂದ.

ಬಿಸಿಲೇರಿತು. ಕಸ್ತೂರೆವ್ವ ಕೈಯ ಚಿಂದಿ ಬಿಚ್ಚಿದಳು.

“ಸಾಕ ಬಿಡಬೇ, ಮುಳ್ಳ ಬಿರುಸಾದುವು. ಉಳಿದದ್ದ ನಾಳೆ ನೋಡೂಣು,” ಎಂದಳು ಸಾವಂತ್ರೆವ್ವ.

“ನನ್ನ ಸಾಲಿನಾಗ ಒಂದ ಗಿಡ ಉಳದೈತಿ ಅಕ್ಕಾ. ಮೊದಲ ತಡಾ ಮಾಡಿ ಬಂದಾಕಿ. ಅದನ್ನೂ ಬಿಟ್ಟ ಹೋಗಲೇನು?”

ಆ ಒಂದು ಗಿಡ ನಾನು.

ಬರಿಗೈಯಲ್ಲೇ ಹಿಡಿದಳು. ನನ್ನ ಮುಳ್ಳು ಅವಳ ಬಲಗೈ ಹೆಬ್ಬೆರಳ ಬುಡಕ್ಕೆ ಇಳಿದು ಒಳಗೇ ಮುರಿಯಿತು. ಅವಳು ಉಸಿರು ಬಿಗಿಹಿಡಿದಳು, ಅಷ್ಟೆ. ನನ್ನನ್ನು ಎಸೆಯಲಿಲ್ಲ, ಕೊಯ್ದು, ರಾಶಿಯ ಮೇಲೆ ಮೆಲ್ಲಗೆ ಇಟ್ಟಳು. ಎಸೆದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ವಾರದ ನಂತರ ಒಣಗಿದ ರಾಶಿಯನ್ನು ಬಡಿಯಲು ಬಂದರು. ಕಸ್ತೂರೆವ್ವ ಒಂದು ಬದಿಗೆ ಕೂತಿದ್ದಳು, ಕೈಗೆ ಪಟ್ಟಿ. ಮುಳ್ಳನ್ನು ಹುಸೇನಬಿ ಸೂಜಿಯಿಂದ ತೆಗೆದಿದ್ದಳು. ಬಾವು ಇನ್ನೂ ಇಳಿದಿರಲಿಲ್ಲ. ಅಷ್ಟು ದಿನವೂ ಸಾವಂತ್ರೆವ್ವ ಮೂವತ್ತು, ಹುಸೇನಬಿ ಮೂವತ್ತು ರೊಟ್ಟಿ ಬಡಿದು ಅವಳ ಬುಟ್ಟಿ ತುಂಬಿಸಿದ್ದರಂತೆ.

“ಮಲಕಾರಪ್ಪಗ ಗೊತ್ತಾತೇನಬೇ?” ಹುಸೇನಬಿ ಕೇಳಿದಳು. ಖಾನಾವಳಿ ಅವನದು.

“ಆಗದ ಏನು. ಯವ್ವಾ, ಒಂದ ದಪ್ಪ ಒಂದ ತೆಳು ಅದಾವಲ್ಲ, ನಿನಗ ಎಷ್ಟ ಕೈ ಅಂದ.”

“ನೀ ಏನಂದಿ?”

“ಸದ್ಯಕ್ಕ ನಾಕು ಅಂದ್ನಿ.”

ಮೂವರೂ ನಕ್ಕರು. ನಗು ಮುಗಿದ ಮೇಲೆ ಕಸ್ತೂರೆವ್ವ ಸಣ್ಣ ದನಿಯಲ್ಲಿ ಹೇಳಿದಳು: “ಸೋಮವಾರದಿಂದ ನಿನ್ನ ಕೈದ ರೊಟ್ಟಿನ ಬೇಕು, ಇಲ್ಲಂದ್ರ ಬ್ಯಾರೆದವರಿಗೆ ಹೇಳತೀನಿ ಅಂದಾನ.”

ಸಾವಂತ್ರೆವ್ವ ಬಡಿಯುವ ಕೋಲು ಕೆಳಗಿಟ್ಟಳು. “ಮುಂದಿನ ವರ್ಷ ಮುಳ್ಳಿಲ್ಲದ ಬೀಜಾನ ತರ್ತೀನಿ. ಇದು ಬ್ಯಾಡ.”

“ಮುಳ್ಳಿಲ್ಲ ಅಂದ್ರ ದನಾ ಬಿಟ್ಟಾವೇನು? ಇದನ್ನ ಬಿತ್ತು ಅಕ್ಕಾ. ಬಿಸಿಲಾಗ ಬರಿಗೈ ಹಾಕಿದಾಕಿ ನಾನು. ಅದರ ತಪ್ಪೇನೈತಿ?”

ಬಾವು ಬಂದ ಕೈಯೇ ನನ್ನ ಪರ ವಾದಿಸಿತು. ನನ್ನ ಕಾಳು ಬೀಜದ ಗಡಿಗೆಯನ್ನು ಸೇರಿತು. ಉಳಿದ ಕಟ್ಟಿಗೆಯನ್ನು ಸಾವಂತ್ರೆವ್ವ ಹೊರೆ ಕಟ್ಟಿ ಕಸ್ತೂರೆವ್ವನ ಒಲೆಗೆಂದು ಕೊಟ್ಟಳು. ಹಾಗೆ ಅವಳ ಒಲೆಯ ಪಕ್ಕದ ಈ ಮೂಲೆಗೆ ಬಂದೆ.

ಇಂದು ಸೋಮವಾರ. ಬೆಳಗಾಗಿದೆ. ಅವಳು ಪಟ್ಟಿ ಬಿಚ್ಚಿ ಹಿಟ್ಟು ನಾದಿಕೊಂಡಿದ್ದಾಳೆ. ಮೊದಲ ಉಂಡೆಗೆ ಅಂಗೈ ತಾಗಿದಾಗ ಸದ್ದು ನಿಂತು ನಿಂತು ಬಂತು. ಎರಡನೆಯದು ಹರಿಯಿತು. ಅದನ್ನು ಮತ್ತೆ ಮುದ್ದೆ ಮಾಡಿ, ಹೆಬ್ಬೆರಳನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡು ಬಡಿದಳು. ಈ ಸಲ ಸದ್ದು ತಡೆಯದೆ ಸಾಗಿತು. ರೊಟ್ಟಿ ದುಂಡಗೆ ಬಿಚ್ಚಿಕೊಂಡು ಹಂಚಿಗೆ ಬಿತ್ತು.

ಉರಿ ಸಾಲದು. ಎಡಗೈ ಚಾಚಿ ನನ್ನನ್ನು ಎಳೆದುಕೊಂಡಿದ್ದಾಳೆ, ಈಗಲೂ ಬರಿಗೈಯಲ್ಲೇ. ಇನ್ನೂ ಐವತ್ತೆಂಟು ರೊಟ್ಟಿ ಆಗಬೇಕು. ತಪ್ಪಾಯಿತು ಎನ್ನಲು ನನಗೆ ಬಾಯಿಲ್ಲ. ಅವಳ ಕಣ್ಣಿಗೆ ಹೊಗೆ ಹೋಗದಂತೆ ಉರಿಯಬಲ್ಲೆ, ಅಷ್ಟೇ.