ಮಾತು ಬಿಟ್ಟ ಅತ್ತೆ

ನಾನು ಸ್ಕ್ಯಾನಿಂಗ್ ಕೋಣೆ ನರ್ಸು, ಬಾಯಿ ಜೋರು. ಈ ಕೆಲಸಕ್ಕೆ ಬಾಯಿ ಬೇಕು ಕಣ್ರೀ. ಚಿತ್ರ ನಿಚ್ಚಳವಾಗಿ ಬರಲಿ ಅಂತ ರಕ್ತನಾಳಕ್ಕೆ ಡೈ ಅನ್ನೋ ಔಷಧಿ ಬಿಡ್ತೀವಿ. ಎಲ್ಲೋ ಒಬ್ಬಿಬ್ಬರಿಗೆ ಅದು ಒಗ್ಗಲ್ಲ. ಅದಕ್ಕೇ ಡೈ ಹೋದ ಮೇಲೆ ನಾನು ರೋಗಿಯನ್ನ ಮಾತಿಗೆಳೀತೀನಿ. ಮೊಮ್ಮಕ್ಕಳು ಹೇಗಿದಾರೆ, ಅಳಿಯ ಒಳ್ಳೆಯವನಾ, ಏನೋ ಒಂದು. ದನಿ ಕಟ್ಟಿದ್ರೆ ಗಂಟಲು ಊದ್ತಿದೆ ಅಂತ ಗೊತ್ತಾಗುತ್ತೆ.

ಅವತ್ತು ಹೊಟ್ಟೆನೋವು ಅಂತ ಬಂದು ಮಲಗಿದ್ದು ನಮ್ಮತ್ತೆ. ಅವರು ನನ್ನ ಹತ್ರ ಮಾತು ಬಿಟ್ಟು ವಾರ ಆಗಿತ್ತು. ಅವರ ಅಡುಗೆಗೆ ಉಪ್ಪು ಜಾಸ್ತಿ ಅಂದಿದ್ದೆ, ಅಷ್ಟೇ. ಅವತ್ತಿಂದ ನಾನು ಪಕ್ಕದಲ್ಲೇ ಕೂತಿದ್ರೂ "ನಿನ್ನ ಹೆಂಡತಿಗೆ ಹೇಳು" ಅಂತ ಮಗನ ಮೂಲಕವೇ ಎಲ್ಲಾ.

ಡೈ ಬಿಟ್ಟು ಸ್ಕ್ಯಾನ್ ಮುಗಿಸಿದ್ವಿ. "ಹೇಗಿದೆ ಅತ್ತೆ?" ಅಂದೆ. ಸೂರು ನೋಡಿದ್ರು. "ತುರಿಕೆ ಇದೆಯಾ?" ಗೋಡೆ ನೋಡಿದ್ರು. ಆದ್ರೆ ಹೊದಿಕೆಯೊಳಗೆ ಒಂದು ಕೈ ಕಳ್ಳತನದಲ್ಲಿ ಕೆರೀತಾ ಇತ್ತು. ಹೊದಿಕೆ ಸರಿಸಿದೆ, ಮೈತುಂಬ ಕೆಂಪು ದದ್ದು. ಗಂಟೆ ಒತ್ತಿ ಡಾಕ್ಟರನ್ನ ಕರೆದೆ. ಬರೀ ದದ್ದಾ, ಗಂಟಲೂ ಊದಿದೆಯಾ? ಮಾತಾಡಿದ್ರೆ ತಾನೆ ಗೊತ್ತಾಗೋದು. ಈಯಮ್ಮ ಪ್ರಾಣ ಹೋದ್ರೂ ಹಟ ಬಿಡೋರಲ್ಲ.

"ಅತ್ತೆ, ಉಪ್ಪು ಜಾಸ್ತಿ ಅಂದಿದ್ದು ಸುಳ್ಳು," ಅಂದೆ. ಮುಖ ಸ್ವಲ್ಪ ಅರಳಿತು. "ಅದು ಬಾಯಿಗಿಡೋ ಹಾಗೇ ಇರಲಿಲ್ಲ. ಅಡುಗೆಯಲ್ಲಿ ನಿಮಗಿಂತ ನಿಮ್ಮ ಮಗನೇ ವಾಸಿ."

"ನಿನ್ನ ನಾಲಿಗೆಗೆ ಬರೆ..." ಬೈಗುಳ ಪೂರ್ತಿ ಬರಲಿಲ್ಲ. ದನಿ ಗೊಗ್ಗರಾಗಿತ್ತು.

"ಗಂಟಲು ಊದಿದೆ ಡಾಕ್ಟ್ರೇ," ಅಂದೆ. ಆಗಷ್ಟೇ ಒಳಗೆ ಬಂದಿದ್ದ ಅವರು "ಅಡ್ರಿನಲಿನ್" ಅಂದ್ರು. ಊತ ಇಳಿಸೋ ಆ ಇಂಜೆಕ್ಷನ್ ತೊಡೆಗೆ ಚುಚ್ಚಿದೆ. ಒರಗಿಸಿ ಕೂರಿಸಿ ಆಕ್ಸಿಜನ್ ಮಾಸ್ಕ್ ಹಾಕಿದೆ, ಸಲೈನ್ ಬಿಟ್ಟೆ. ಇವರು ಹೋದ್ರೆ ಮನೇಲಿ ನಾನು ಯಾರ ಹತ್ರ ಜಗಳ ಆಡಲಿ ಅಂತ ಅಳು ಒತ್ತರಿಸಿ ಬಂತು.

ಸ್ವಲ್ಪ ಹೊತ್ತಿಗೆ ಉಸಿರು ಹಗುರಾಯ್ತು. ಅತ್ತೆ ಮಾಸ್ಕ್ ಸರಿಸಿ, "ನನ್ನ ಮಗನಿಗೆ ಅಡುಗೆ ಕಲಿಸಿದ್ದು ಯಾರೇ?" ಅಂದ್ರು.

"ನೀವೇ. ನಿಮ್ಮ ದನಿ ಕೇಳಬೇಕಿತ್ತು ಅತ್ತೆ, ಅದಕ್ಕೇ ಕೆಣಕಿದೆ."

"ಬಾಯಿಬಡಕಿ," ಅಂದು ನನ್ನ ಕೈ ಹಿಡ್ಕೊಂಡ್ರು. ಆಮೇಲೆ ವಾರದ ಬಾಕಿ ಮಾತೆಲ್ಲಾ ಹೊರಗೆ ಬಂತು. ಆ ರಾತ್ರಿ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು ದಿಂಬನ್ನ ಕಿವಿಗೊತ್ತಿಕೊಂಡು ಮಲಗಿದ್ರು.

ಮನೆಗೆ ಬಂದ ಮಾರನೇ ದಿನ, ಬೇಡ ಅಂದ್ರೂ ಕೇಳದೆ ಅವರೇ ಅಡುಗೆ ಮಾಡಿ ಬಡಿಸಿದ್ರು. ನನ್ನ ಮುಖವನ್ನೇ ನೋಡ್ತಾ "ಉಪ್ಪು ಹೇಗಿದೆ?" ಅಂದ್ರು. ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದ್ರು.

"ಜಾಸ್ತಿ ಅತ್ತೆ," ಅಂದೆ.

ಅತ್ತೆ ಮಗನ ಕಡೆ ತಿರುಗಿದ್ರು. ಮುಗೀತು ಕತೆ ಅಂದ್ಕೊಂಡೆ. ಆದ್ರೆ ಅವರು ಮಗ ಬಡಿಸ್ಕೊಳ್ತಿದ್ದ ಸೌಟು ಇಸ್ಕೊಂಡು ನನ್ನ ಕಡೆಗೇ ತಿರುಗಿ, "ಇನ್ನೊಂಚೂರು ಅನ್ನ ಹಾಕ್ಕೋ, ಸರಿಹೋಗುತ್ತೆ," ಅಂದ್ರು.