ನಿಂತ ಗೋಡೆಗೆ ನೆರವಿಲ್ಲ

ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತು. ಅದರಿಂದ ನನಗೆ ಲಾಭವೂ ಆಗಿದೆ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಯಾವನೂ ನನ್ನ ಹತ್ತಿರ ತೂಕದಲ್ಲಿ ಆಟ ಆಡುವುದಿಲ್ಲ. ಗಂಡ ಸತ್ತು ನಾಲ್ಕು ವರ್ಷವಾದರೂ ಒಬ್ಬನೂ ನನ್ನ ಹಿಪ್ಪುನೇರಳೆ ತೋಟದ ಬದುವಿಗೆ ಕಾಲಿಟ್ಟಿಲ್ಲ. ಆದರೆ ಒಂದೇ ಒಂದು ದಿನ ಆ ಸಿಟ್ಟು ನನ್ನನ್ನು ಓಡಬಾರದ ಕಡೆಗೆ ಓಡಿಸಿತು. ಅದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಬೇರೆಯವರು ಹೇಳಿದರೆ ಉಪ್ಪು ಖಾರ ಹಚ್ಚುತ್ತಾರೆ.

ನಮ್ಮದು ಹುತ್ತೂರಿಗೆ ಹತ್ತಿರದ ಹಳ್ಳಿ. ಮಾವ ಕಟ್ಟಿಸಿದ ಮನೆ, ಮಣ್ಣಿನ ಗೋಡೆಯ ಮೇಲೆ ಕಲ್ಲು ಚಪ್ಪಡಿ. ಸೂರು ಒಂದೇ, ಬಾಗಿಲು ಎರಡು. ಬಲಗಡೆಯದು ನನ್ನದು, ಎಡಗಡೆಯದು ಮೈದುನ ಭೀಮರಾಜನದು. ನಡುವೆ ಮೊಳದಗಲದ ಗೋಡೆ. ಎರಡೂ ಕಡೆಯ ಚಪ್ಪಡಿಗಳ ಒಳತುದಿ ಆ ನಡುಗೋಡೆಯ ಮೇಲೇ ಕೂತಿವೆ. ಹಿತ್ತಿಲ ಕಡೆಯ ಹಿಂಗೋಡೆ ಮಾತ್ರ ಏನನ್ನೂ ಹೊರುವುದಿಲ್ಲ, ಮರೆಗೆಂದು ನಿಂತಿರುತ್ತದೆ. ಚಪ್ಪಡಿ ಮನೆಯಲ್ಲಿ ಬಾಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಜೊತೆ ಇದ್ದದ್ದು ಅತ್ತೆ ಅಂಜಮ್ಮ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಹೆತ್ತ ಮಗ ಗೋಡೆಯ ಆಚೆ ಇದ್ದರೂ ಅವಳ ಬಾಯಿಗೆ ಅಂಬಲಿ ಹಾಕುತ್ತಿದ್ದವಳು ನಾನು. ಭೀಮರಾಜನಿಗೆ ತನ್ನ ಹೆಂಡತಿಯನ್ನು ಹೊಡೆಯುವುದರಲ್ಲೇ ಪುರುಸೊತ್ತು ಇರುತ್ತಿರಲಿಲ್ಲ. ಆ ಹುಡುಗಿ ಒಂದು ದಿನ ಬಸ್ಸು ಹತ್ತಿ ಮುಳಬಾಗಿಲಿನ ತವರಿಗೆ ಹೋದವಳು ಮತ್ತೆ ಬರಲಿಲ್ಲ. ಒಳ್ಳೆಯದೇ ಮಾಡಿದಳು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಸೈಕ್ಲೋನ್ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಚಪ್ಪಡಿ ಸಂದಿಗಳಲ್ಲಿ ನೀರು ಇಳಿಯಿತು, ಹಿತ್ತಿಲ ಗೋಡೆ ಉಬ್ಬಿ ಅದಕ್ಕೆ ಹೊಟ್ಟೆ ಬಂತು. ಅತ್ತೆಯ ಮೇಲೆ ಗೊಬ್ಬರದ ಚೀಲ ಬಿಚ್ಚಿ ಹೊದಿಸಿ, ಇದ್ದುದರಲ್ಲಿ ಒಣಗಿದ್ದ ನಡುಗೋಡೆಯ ಪಕ್ಕಕ್ಕೆ ಅವಳ ಚಾಪೆ ಎಳೆದೆ. ಮಳೆಯಿಂದ ಹಾಳಾದ ಮನೆಗಳಿಗೆ ಸರ್ಕಾರದ ನೆರವು ಇದೆ ಎಂದು ಡಂಗುರ ಹೊಡೆಸಿದರು. ನಾನೂ ಅರ್ಜಿ ಕೊಟ್ಟೆ. ಹಿತ್ತಿಲ ಗೋಡೆ ಎಬ್ಬಿಸಿಕೊಂಡು, ಸಂದಿಗಳಿಗೆ ಸಿಮೆಂಟು ಹಾಕಿಸಿದರೆ ಸಾಕಿತ್ತು. ಮುದುಕಿ ಒಣ ನೆಲದ ಮೇಲೆ ಮಲಗಿ ಪ್ರಾಣ ಬಿಡಬೇಕು, ಅಷ್ಟೇ ನನ್ನ ಆಸೆ.

ಎಂಜಿನಿಯರ್ ಬಂದ. ಎಳೆಯ ವಯಸ್ಸು, ಒಳ್ಳೆಯ ಮಾತು. ಗೋಡೆಯನ್ನು ತಟ್ಟಿ ನೋಡಿ ಮೊಬೈಲು ಜೇಬಿಗೆ ಇಟ್ಟುಕೊಂಡ.

“ಇದು ನಿಂತಿದೆಯಲ್ಲಮ್ಮ.”

“ಬಿದ್ದೋಗೋ ಹಂಗೆ ನಿಂತೈತೆ ಸಾರ್.”

“ಬಿದ್ದಿರೋ ಗೋಡೆ ಮುಂದೆ ಮನೆಯವರು ನಿಂತಿರೋ ಫೋಟೊ ಬೇಕು. ಬಿರುಕು ಬಿಟ್ಟಿರೋದಕ್ಕೆ, ಹೊಟ್ಟೆ ಬಂದಿರೋದಕ್ಕೆ ಈ ಫಾರಮ್ಮಲ್ಲಿ ಕಾಲಮ್ಮೇ ಇಲ್ಲ.”

“ಬೀಳೋವರ್ಗೂ ಕಾಯ್ಬೇಕಾ? ಮೈಮೇಲೆ ಬಿದ್ಮೇಲೆ ಯಾರಿಗ್ ಕೊಡ್ತೀರಾ ನೆರವು?”

ಅವನು ಸಿಟ್ಟಾಗಲಿಲ್ಲ. “ನಾನೇನ್ ಮಾಡ್ಲಮ್ಮ? ಗುರುವಾರ ಕೊನೇ ಸಲ ಬರ್ತೀನಿ. ಆಮೇಲೆ ಲಿಸ್ಟು ಕ್ಲೋಸು” ಎಂದು ಬೈಕು ಹತ್ತಿದ.

ಮರುದಿನದಿಂದ ನಮ್ಮೂರಿನಲ್ಲಿ ಧಡ್ ಧಡ್ ಎಂಬ ಸದ್ದು ಶುರುವಾಯಿತು. ಜನ ತಮ್ಮ ತಮ್ಮ ಗೋಡೆಗಳನ್ನು ತಾವೇ ಬೀಳಿಸತೊಡಗಿದರು. ಹಾರೆಯಿಂದ ಮೀಟುವುದು, ಬಿದ್ದ ಮೇಲೆ ನಾಲ್ಕು ಬಿಂದಿಗೆ ನೀರು ಹೊಯ್ದು ಹಾರೆಯ ಗುರುತು ಅಳಿಸುವುದು, ಮಳೆಗೆ ಕರಗಿತು ಎನ್ನುವುದು. ತಾತಂದಿರು ತುಳಿದು ಕಲಸಿದ ಮಣ್ಣನ್ನು ಮೊಮ್ಮಕ್ಕಳು ಒದ್ದು ಬೀಳಿಸುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಆದರೂ ಬುಧವಾರ ನಾನೂ ಹಾರೆ ತಂದಿಟ್ಟುಕೊಂಡೆ.

ಅಂದು ಸಂಜೆ ಭೀಮರಾಜ ನನ್ನ ಬಾಗಿಲಿಗೆ ಬಂದ. ಕುಡಿದಿರಲಿಲ್ಲ. ಅವನು ಕುಡಿಯದೆ ಬಂದರೆ ನನಗೆ ಇನ್ನೂ ಹೆದರಿಕೆ.

“ಅತ್ಗೆ, ಗೋಡೆ ಬಿದ್ರೆ ಬರೀ ರಿಪೇರಿ. ಸೂರು ಬಿದ್ರೆ ಹೊಸಾ ಮನೆ ಕೊಡ್ತಾರೆ. ನಡುಗೋಡೆ ಕಿತ್ತಾಕಿದ್ರೆ ಎಲ್ಲಾ ಕುಸಿಯುತ್ತೆ, ಇಬ್ರಿಗೂ ಆಗುತ್ತೆ.”

“ಎದುರ್ಮನೆ ಚನ್ನರಾಯಪ್ಪಣ್ಣ ಹಂಗೇ ಮಾಡಿದ್ದು. ಎರಡ್ ವರ್ಷದಿಂದ ಹಸು ಜೊತೆ ಕೊಟ್ಟಿಗೇಲಿ ಮಲಗ್ತಾವ್ನೆ, ಹೊಸಾ ಮನೆ ಪಾಯ ಬಿಟ್ಟು ಮೇಲಕ್ಕೆದ್ದಿಲ್ಲ. ನಿಮ್ಮಮ್ಮನ್ನ ಎಲ್ಲಿ ಮಲಗಿಸ್ಲೋ ಅಲ್ಲೀವರ್ಗೂ? ನಿನ್ ತಲೆ ಮೇಲಾ?”

“ಮುದುಕಿ ಇನ್ನೆಷ್ಟು ದಿನ ಇರ್ತಾಳೆ ಬಿಡು.”

ಒಳಗೆ ಅವಳಿಗೆ ಕೇಳಿಸುತ್ತಿತ್ತು. ನಾನು ಅವನ ಕೆನ್ನೆಗೆ ಬಾರಿಸಿದೆ. ಅವನು ನನ್ನ ಜುಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಹಣೆ ಕುಟ್ಟಿದ. ರಕ್ತ ಕಣ್ಣಿಗೆ ಇಳಿಯಿತು. ಚನ್ನರಾಯಪ್ಪ ಓಡಿ ಬಂದು ಬಿಡಿಸದಿದ್ದರೆ ಅಂದೇ ಒಬ್ಬರು ಉಳಿಯುತ್ತಿರಲಿಲ್ಲ. ಹೋಗುವಾಗ ಭೀಮರಾಜ, “ಗೋಡೆ ನಂದೂ ಅರ್ಧ ಐತೆ, ನೆನಪಿಟ್ಕೋ” ಎಂದ.

ಗುರುವಾರ ಬೆಳಕು ಹರಿಯುತ್ತಲೇ ನಾನು ಹಿತ್ತಿಲ ಗೋಡೆಗೆ ಹಾರೆ ಹಾಕಿದೆ. ಮೊದಲ ಏಟಿಗೆ ಸಾರಣೆ ಚಕ್ಕೆಯಾಗಿ ಉದುರಿತು. ಆ ಗೋಡೆಗೆ ವರ್ಷ ವರ್ಷ ಸಗಣಿ ಸಾರಿಸಿದವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಅದರ ಮೇಲೆ ಸುಣ್ಣದಲ್ಲಿ ಕಳಸ ಬರೆದಿದ್ದೆ. ಎರಡನೆಯ ಏಟಿಗೆ ಎಂಜಿನಿಯರನ ಕಾಲಮ್ಮು ನೆನಪಾಯಿತು, ಮೂರನೆಯದಕ್ಕೆ ಭೀಮರಾಜ ನೆನಪಾದ, ಆಮೇಲೆ ಕೈ ತಾನಾಗಿಯೇ ಓಡಿತು. ಚಾಪೆಯ ಮೇಲಿಂದ ಅತ್ತೆ, “ವದ್ದೇ ತಲ್ಲೀ, ವದ್ದು” ಎಂದು ತನ್ನ ತವರಿನ ತೆಲುಗಿನಲ್ಲಿ ಬೇಡ ಬೇಡ ಎನ್ನುತ್ತಿದ್ದಳು.

“ಸುಮ್ನಿರತ್ತೆ. ಇದು ಏನೂ ಹೊತ್ತಿಲ್ಲ. ನಿನಗೇನೂ ಆಗಲ್ಲ.”

ಹದಿನೈದು ನಿಮಿಷಕ್ಕೆ ಗೋಡೆ ಆಚೆಗೆ ಮಲಗಿತು. ಮನೆಯೊಳಗೆ ಒಮ್ಮೆಲೇ ಬೆಳಕು ನುಗ್ಗಿತು. ಅತ್ತೆ ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡಳು. ನಾನು ಧೂಳಿನಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟೆ, ಆಮೇಲೆ ಎದ್ದು ಬಿಂದಿಗೆಯಲ್ಲಿ ನೀರು ತಂದು ಹೊಯ್ದೆ. ಮೇಲೆ ನೋಡಿದರೆ ಚಪ್ಪಡಿಗಳು ಇದ್ದ ಹಾಗೆಯೇ ಇದ್ದವು. ನನ್ನ ಲೆಕ್ಕಾಚಾರ ಸರಿಯಾಗಿತ್ತು.

ಖಾಲಿ ಬಿಂದಿಗೆ ಕೆಳಗಿಡುವ ಹೊತ್ತಿಗೆ ಆಚೆ ಕಡೆಯಿಂದ ಧಡ್ ಎಂದಿತು.

ಅತ್ತೆಯ ಕಂಬಳಿಯ ಮೇಲೆ ಹಿಡಿ ಮಣ್ಣು ಉದುರಿತು. ಮತ್ತೊಂದು ಧಡ್. ನಡುಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಾಣಿಸಿತು. ಭೀಮರಾಜ ತನ್ನ ಕಡೆಯಿಂದ ಹಾರೆ ಹಾಕುತ್ತಿದ್ದ. ಗೋಡೆಯ ಈಚೆ, ಒಂದು ಮೊಳ ದೂರದಲ್ಲಿ, ಅವನ ತಾಯಿಯ ತಲೆ ಇತ್ತು. ಅದು ಅವನಿಗೆ ಗೊತ್ತಿತ್ತು.

ನಾನು ಮಾಡಬೇಕಾಗಿದ್ದ ಕೆಲಸ ಒಂದೇ. ಅತ್ತೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹಾರುವುದು. ಅವಳು ಒಂದು ಮೂಟೆ ಸೊಪ್ಪಿನಷ್ಟೂ ತೂಕ ಇರಲಿಲ್ಲ. ಹಿಂದೆ ಗೋಡೆಯೂ ಇರಲಿಲ್ಲ, ಆರು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ನಾನು ಅವಳನ್ನು ಎತ್ತಲಿಲ್ಲ. ಸೊಪ್ಪು ಕೊಯ್ಯುವ ಕುಡುಗೋಲು ಎತ್ತಿಕೊಂಡು ಮುಂಬಾಗಿಲಿನಿಂದ ಅವನ ಮನೆಗೆ ನುಗ್ಗಿದೆ.

ಅವನು ಬೆನ್ನು ತಿರುಗಿಸಿ ನಿಂತಿದ್ದ. ನಾನು ಅವನನ್ನು ಕೂಗಲಿಲ್ಲ, ನಿಲ್ಲಿಸು ಎನ್ನಲಿಲ್ಲ, ಬೀಸಿಬಿಟ್ಟೆ. ಕುಡುಗೋಲು ಭುಜದಿಂದ ಮೊಣಕೈವರೆಗೆ ಸೀಳಿಕೊಂಡು ಇಳಿಯಿತು. ಅವನು ಕೂಗಿ ತಿರುಗಿದ. ಹಾರೆಯ ಹಿಂದಿನ ತುದಿ ನನ್ನ ಬಾಯಿಗೆ ಬಿತ್ತು, ಮುಂದಿನ ಎರಡು ಹಲ್ಲು ನಾಲಿಗೆಯ ಮೇಲೆ ಉದುರಿದವು. ಉಗುಳಿ ಮತ್ತೆ ಬೀಸಿದೆ. ಅವನು ನನ್ನ ಹೊಟ್ಟೆಗೆ ಒದ್ದ, ನಾನು ಬಾಗಿಲಾಚೆ ಅಂಗಳಕ್ಕೆ ಬಿದ್ದೆ. ಅವನು ಬಂದು ಎದೆಯ ಮೇಲೆ ಮಂಡಿ ಊರಿ ಗಂಟಲು ಹಿಡಿದ. ನಾನು ಅವನ ಹೆಬ್ಬೆರಳು ಕಚ್ಚಿದೆ, ಮೂಳೆ ಸಿಕ್ಕುವವರೆಗೆ ಕಚ್ಚಿದೆ.

“ಸಾಯಿಸ್ತೀನಿ ಕಣೇ ನಿನ್ನ!”

“ಸಾಯ್ಸೋ! ಸಾಯ್ಸು ನೋಡಾನ!”

ಆಗ ಒಳಗಿನಿಂದ ಅತ್ತೆ ಕೂಗಿದಳು. ಇಬ್ಬರಲ್ಲಿ ಯಾರನ್ನು ಕೂಗಿದಳೋ ತಿಳಿಯಲಿಲ್ಲ. ಅವನ ಕೈ ಸಡಿಲಾಯಿತು. ನಾವಿಬ್ಬರೂ ತಲೆ ತಿರುಗಿಸುವಷ್ಟರಲ್ಲಿ ಅವನು ಅರ್ಧ ಕೊರೆದಿದ್ದ ನಡುಗೋಡೆ ಕುಸಿದು, ಎರಡೂ ಕಡೆಯ ಚಪ್ಪಡಿಗಳು ಒಂದರ ಹಿಂದೆ ಒಂದು ಇಳಿದವು. ನೆಲ ಅದುರಿತು. ಆಮೇಲೆ ಮನೆ ಇದ್ದ ಕಡೆ ಬರೀ ಧೂಳು.

ಊರವರೆಲ್ಲ ಸೇರಿ ಚಪ್ಪಡಿ ಎತ್ತಲು ಒಂದು ಗಂಟೆ ಹಿಡಿಯಿತು. ಮೊದಲು ಕಂಡದ್ದು ಅವಳ ಪಾದ. ಹಿಂದಿನ ದಿನ ನಾನೇ ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿದ್ದ ಪಾದ. ಭೀಮರಾಜ ರಕ್ತ ಸುರಿಯುವ ಕೈಯಲ್ಲೇ ಮಣ್ಣು ಕೆದಕುತ್ತಾ “ಅಮ್ಮಾ, ಅಮ್ಮಾ” ಎಂದು ಅರಚುತ್ತಿದ್ದ. ನಾನು ಅವನ ಪಕ್ಕದಲ್ಲೇ ಕೆದಕುತ್ತಿದ್ದೆ. ಅವನನ್ನು ಕೊಲ್ಲಬೇಕು ಅನ್ನಿಸುತ್ತಿತ್ತು. ನನ್ನನ್ನೂ ಯಾರಾದರೂ ಕೊಲ್ಲಲಿ ಅನ್ನಿಸುತ್ತಿತ್ತು.

ಹನ್ನೊಂದರ ಹೊತ್ತಿಗೆ ಪೊಲೀಸರ ಜೀಪು ಬಂತು. ಅದರ ಹಿಂದೆಯೇ, ಗುರುವಾರವಲ್ಲವೇ, ಎಂಜಿನಿಯರನ ಬೈಕೂ ಬಂತು. ಅವನು ಹೆಣ ನೋಡಿ ಬೆವರಿದ. ನನ್ನನ್ನೂ ಭೀಮರಾಜನನ್ನೂ ಹುಣಸೆಮರದ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದ.

“ನಾನು ಯಾವ ಕಡೇನೂ ಮಾತಾಡ್ತಿಲ್ಲ. ಇರೋದು ಹೇಳ್ತೀನಿ. ಮಳೆಗೆ ಬಿದ್ದಿದ್ರೆ ಪೂರ್ತಿ ಬಿದ್ದಿರೋ ಮನೆ ಅಂತ ಬರ್ಕೋತೀನಿ. ಕೈಯಲ್ಲಿ ಕೆಡವಿದ್ದು ಅಂತ ಕೇಸಾದ್ರೆ ಏನೂ ಬರಲ್ಲ.”

ಹೆಣದ ಪಕ್ಕದಲ್ಲಿ ಪೊಲೀಸಿನವರು ಪುಸ್ತಕ ಬಿಚ್ಚಿಕೊಂಡು ಕೇಳಿದರು: “ಹೆಂಗ್ ಬಿತ್ತಮ್ಮ ಗೋಡೆ?”

ಊರೇ ಸುತ್ತ ನಿಂತಿತ್ತು. ಯಾರೂ ಬಾಯಿ ಬಿಡಲಿಲ್ಲ, ಎಲ್ಲರ ಮನೆಯ ಹಿಂದೆಯೂ ಒಂದೊಂದು ಗೋಡೆ ಬಿದ್ದಿತ್ತು. ನಾನು ಭೀಮರಾಜನ ಕಡೆ ನೋಡಿದೆ. ಅವನು ನನ್ನ ಹಿತ್ತಿಲ ಗೋಡೆಯ ಕಡೆ ನೋಡಿದ. ನೀನು ನನ್ನ ಹೆಸರು ಹೇಳಿದರೆ ನಾನು ನಿನ್ನದು ಹೇಳುತ್ತೇನೆ ಎನ್ನುವ ನೋಟ ಅದು. ಇವನೇ ಎಂದು ಬೆರಳು ಮಾಡಿದ್ದರೆ ಆ ಮುದುಕಿಗೆ ನ್ಯಾಯ ಸಿಗುತ್ತಿತ್ತು. ನನಗೆ ಜೈಲೋ ಬಯಲೋ ಸಿಗುತ್ತಿತ್ತು.

“ಮಳೆಗೆ ಬಿತ್ತು ಸಾರ್” ಎಂದೆ. ಅದೇ ಉಸಿರಿಗೆ ಅವನೂ, “ಮಳೆ ಸಾರ್, ಮಳೆ” ಎಂದ.

ಕೈ, ಬಾಯಿ ನೋಡಿ ಕೇಳಿದ್ದಕ್ಕೆ ಚಪ್ಪಡಿ ಎತ್ತುವಾಗ ಆದ ಗಾಯ ಎಂದೆವು. ಅವರು ಬರೆದುಕೊಂಡರು. ಹೆಣ ಜೀಪಿಗೆ ಹೋದ ಮೇಲೆ ಎಂಜಿನಿಯರ್ ನಮ್ಮಿಬ್ಬರನ್ನು ಕಲ್ಲುಮಣ್ಣಿನ ರಾಶಿಯ ಮುಂದೆ ನಿಲ್ಲಿಸಿದ. “ಸ್ವಲ್ಪ ಒತ್ತಿ ನಿಂತ್ಕೊಳ್ಳಿ, ಇಬ್ಬರೂ ಬರ್ತಿಲ್ಲ” ಎಂದ. ಭೀಮರಾಜನ ಭುಜದ ರಕ್ತ ನನ್ನ ಸೆರಗಿಗೆ ಅಂಟಿತು. ಫೋಟೊ ಆಯಿತು.

ಫೆಬ್ರವರಿಯಲ್ಲಿ ಆದೇಶ ಬಂತು. ಖಾತೆ ಒಂದೇ ಆದ್ದರಿಂದ ಮನೆಯೂ ಒಂದೇ, ಮನೆಯ ಹೆಂಗಸಿನ ಹೆಸರಿಗೆ. ಅತ್ತೆ ಸತ್ತಿದ್ದಳು, ಭೀಮರಾಜನ ಹೆಂಡತಿ ಇರಲಿಲ್ಲ. ಉಳಿದವಳು ನಾನೊಬ್ಬಳೇ. ಅಷ್ಟು ದಿನ ಟಾರ್ಪಾಲಿನ ಕೆಳಗೆ ಮಲಗಿದ್ದೆ. ಮೇಸ್ತ್ರಿ ಪಾಯಕ್ಕೆ ದಾರ ಕಟ್ಟುತ್ತಾ ನಡುಗೋಡೆ ಎಲ್ಲಿಗೆ ಎಂದು ಕೇಳಿದ. ನಡುಗೋಡೆ ಬೇಡ ಎಂದೆ.

ಸುದ್ದಿ ತಲುಪಿ ಭೀಮರಾಜ ಬಂದ. ಕೊಯ್ದಿದ್ದ ತೋಳು ಸೊರಗಿತ್ತು, ಇನ್ನೊಂದರಲ್ಲಿ ಮಣ್ಣು ಎಳೆಯುವ ಸನಿಕೆ ಇತ್ತು.

“ನನ್ ಪಾಲು ಎಲ್ಲೇ?”

“ನಿಮ್ಮಮ್ಮನ್ನ ಕೇಳೋಗು.”

ಸನಿಕೆ ನನ್ನ ಎಡಗೈಗೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನಾನು ಬಲಗೈಯಲ್ಲಿ ಪಾಯದ ಕಲ್ಲೊಂದನ್ನು ಎತ್ತಿ ಅವನ ಮಂಡಿಗೆ ಹಾಕಿದೆ. ಅವನು ಬಿದ್ದ. ಬಿದ್ದವನ ಮೇಲೆ ಬಿದ್ದೆ. ಮೇಸ್ತ್ರಿ, ಆಳುಗಳು, ಚನ್ನರಾಯಪ್ಪ ಸೇರಿ ಎಳೆದರೂ ಬಿಡಲಿಲ್ಲ, ಪಾಯದ ಗುಂಡಿಯೊಳಗೆ ಉರುಳಿ ಉರುಳಿ ಹೊಡೆದಾಡಿದೆವು. ಅತ್ತೆಯನ್ನು ಎತ್ತದ ಕೈ ಇದು ಎಂದು ನನ್ನ ಕೈಯ ಮೇಲಿನ ಸಿಟ್ಟನ್ನೂ ಅವನ ಮುಖದ ಮೇಲೇ ತೀರಿಸಿಕೊಂಡೆ.

ಕೊನೆಗೆ ಇಬ್ಬರಿಗೂ ಏಳಲಾಗಲಿಲ್ಲ. ಅವನ ಮಂಡಿ ಹಿಂದುಮುಂದಾಗಿತ್ತು, ನನ್ನ ಕೈ ನೇತಾಡುತ್ತಿತ್ತು. ಚನ್ನರಾಯಪ್ಪ ಗುಂಡಿಯ ಅಂಚಿನಲ್ಲಿ ನಿಂತು ಮೊಬೈಲು ತೆಗೆದ.

“ಇಷ್ಟಕ್ಕೆ ಬಿಟ್ರೆ ಒಬ್ರನ್ನೊಬ್ರು ಕೊಂದಾಕ್ತೀರ ನೀವು. ಪೊಲೀಸಿಗೆ ಫೋನ್ ಮಾಡ್ತೀನಿ. ಅವ್ರು ಬಂದು ಮೊದ್ಲಿಂದ ಎಲ್ಲಾ ಕೇಳ್ಲಿ.”

“ಬ್ಯಾಡ!” ಎಂದು ನಾನೂ ಭೀಮರಾಜನೂ ಒಟ್ಟಿಗೇ ಕೂಗಿದೆವು.

ಚನ್ನರಾಯಪ್ಪ ನಮ್ಮಿಬ್ಬರನ್ನೂ ನೋಡಿ ಮೊಬೈಲು ಜೇಬಿಗೆ ಹಾಕಿಕೊಂಡು ತನ್ನ ಕೊಟ್ಟಿಗೆಗೆ ಹೋದ. ನಾವು ಅದೇ ಗುಂಡಿಯಲ್ಲಿ, ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರದಲ್ಲಿ, ಬಹಳ ಹೊತ್ತು ಬಿದ್ದಿದ್ದೆವು.